ಮೂವತ್ತಮೂರು ದಿನ

1957ರ ಅಕ್ಟೋಬರ್ ತಿಂಗಳು. ಘಾನಾ ದೇಶಕ್ಕೆ ಸ್ವಾತಂತ್ರ್ಯ ಬಂದು ಏಳೇ ತಿಂಗಳಾಗಿತ್ತು. ಅಲ್ಲಿನ ಹಣಕಾಸು ಮಂತ್ರಿ ಕೋಮ್ಲಾ ಗ್ಬೆಡೆಮಾ ಅಮೆರಿಕ ಪ್ರವಾಸದಲ್ಲಿದ್ದರು. ಡೆಲವೇರ್ ರಾಜ್ಯದ ಡೋವರ್ ಎಂಬ ಊರಿನಲ್ಲಿ ಕಾರು ನಿಲ್ಲಿಸಿ, ರಸ್ತೆ ಪಕ್ಕದ ಹೋಟೆಲಿಗೆ ಹೋಗಿ ಕಿತ್ತಳೆ ರಸ ಕೇಳಿದರು. ರಸ ಕೊಟ್ಟರು. ಆದರೆ ಒಳಗೆ ಕೂತು ಕುಡಿಯುವಂತಿಲ್ಲ, ಹೊರಗೆ ಒಯ್ಯಿರಿ ಎಂದರು. ಕರಿಯರಿಗೆ ಅಲ್ಲಿ ಕುರ್ಚಿ ಇರಲಿಲ್ಲ. ಮಂತ್ರಿಗಳು ರಸವನ್ನೂ ಚಿಲ್ಲರೆಯನ್ನೂ ಅಲ್ಲೇ ಬಿಟ್ಟು ಎದ್ದು ಬಂದರು.

ಹೊರಗೆ ನಿಂತು ಕುಡಿಯುವ ಲೋಟ ಎಂದರೇನೆಂದು ನಮ್ಮ ನಾಡಿನ ಓದುಗರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಹಳ್ಳಿಗಳ ಚಹಾದಂಗಡಿಯ ಗಳಕ್ಕೆ ಸಿಕ್ಕಿಸಿಟ್ಟ ಆ ಬೇರೆ ಲೋಟಗಳನ್ನು ಕಂಡವರು ಇನ್ನೂ ಬದುಕಿದ್ದಾರೆ. ಇಲ್ಲಿ ಆ ಲೋಟ ಹಿಡಿದವರ ಅವಮಾನ ಪತ್ರಿಕೆಗೆ ಬರುತ್ತಿರಲಿಲ್ಲ. ಗ್ಬೆಡೆಮಾರದು ಬಂತು.

ಎರಡು ದಿನವಾಗುವಷ್ಟರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಗ್ಬೆಡೆಮಾರನ್ನು ಶ್ವೇತಭವನಕ್ಕೆ ಬೆಳಗಿನ ಉಪಾಹಾರಕ್ಕೆ ಕರೆದರು. ಉಪಾಧ್ಯಕ್ಷ ನಿಕ್ಸನ್ ಕೂಡ ಇದ್ದರು. ಅದೇ ವರ್ಷದ ಮಾರ್ಚ್‌ನಲ್ಲಿ ಘಾನಾದ ಸ್ವಾತಂತ್ರ್ಯೋತ್ಸವಕ್ಕೆ ರಾಜಧಾನಿ ಅಕ್ರಾಗೆ ಹೋಗಿ ಅವರ ಆತಿಥ್ಯ ಉಂಡು ಬಂದವರು ನಿಕ್ಸನ್. ಆ ಉತ್ಸವದಲ್ಲಿ ಅವರು ಪಕ್ಕದಲ್ಲಿದ್ದ ಕರಿಯರೊಬ್ಬರ ಹೆಗಲು ತಟ್ಟಿ, ಸ್ವತಂತ್ರರಾದದ್ದು ಹೇಗನ್ನಿಸುತ್ತಿದೆ ಎಂದು ಕೇಳಿದರಂತೆ. ನನಗೆ ಗೊತ್ತಿಲ್ಲ ಸ್ವಾಮಿ, ನಾನು ಅಲಬಾಮಾದವನು ಎಂದು ಉತ್ತರ ಬಂತಂತೆ. ಕಟ್ಟುಕತೆಯೇ ಇರಬಹುದು. ಆದರೂ ಅರವತ್ತು ವರ್ಷ ದಾಟಿ ಉಳಿದಿದೆ. ಆ ಉತ್ಸವದಲ್ಲಿ ಮಾಡಿದ ಭಾಷಣಗಳಿಗಿಂತ ಹೆಚ್ಚು ಕಾಲ.

ಉಪಾಹಾರದ ಮೇಜಿನಲ್ಲಿ ಮಾತು ಕಿತ್ತಳೆ ರಸ ದಾಟಿ ವೋಲ್ಟಾ ನದಿಗೆ ಹೊರಳಿತು. ಆ ನದಿಗೆ ಅಣೆಕಟ್ಟು ಕಟ್ಟುವುದು ಘಾನಾದ ಕನಸು. ಬ್ರಿಟಿಷರ ಕಾಲದಿಂದಲೂ ಕಡತದಲ್ಲಿ ಮಲಗಿದ್ದ ಯೋಜನೆ ಅದು. ಒಬ್ಬ ಪರಿಚಾರಕಿ ಕೊಡದ ಕುರ್ಚಿಯ ಋಣವನ್ನು ತೀರಿಸಲು ಒಂದು ದೇಶದ ಅಧ್ಯಕ್ಷರು ಇನ್ನೊಂದು ದೇಶದ ನದಿಯ ಮಾತಿಗೆ ಕಿವಿಗೊಟ್ಟರು. ದೇಶ ದೇಶಗಳ ನಡುವೆ ಸ್ನೇಹ ಕುದುರುವ ರೀತಿ ಇದು. ಕೆಲವೊಮ್ಮೆ ಅದರ ಬುಡದಲ್ಲಿರುವುದು ಮುಜುಗರ, ಅಷ್ಟೆ.

ಈ ಸ್ನೇಹ ಎಂಬ ಮಾತನ್ನು ನಾನು ಬಹಳ ದಿನದಿಂದ ತಿರುಗಿಸಿ ತಿರುಗಿಸಿ ನೋಡುತ್ತಿದ್ದೇನೆ. ಇಬ್ಬರು ಮನುಷ್ಯರ ಸ್ನೇಹ ನಮಗೆ ಗೊತ್ತು. ಎರಡು ದೇಶಗಳ ಸ್ನೇಹ ಎಂದರೆ ಯಾರು ಯಾರಿಗೆ ಸ್ನೇಹಿತರು? ಕುರ್ಚಿ ಕುರ್ಚಿಗೆ ಸ್ನೇಹಿತನೋ, ಅದರಲ್ಲಿ ಕೂತವರೋ? ಕೂತವರಾದರೆ ಅವರು ಏಳುವುದು ಖಂಡಿತ. ಅಮೆರಿಕದ ಅಧ್ಯಕ್ಷ ಏಳುವ ಗಳಿಗೆ ಅಲ್ಲಿನ ಸಂವಿಧಾನದಲ್ಲೇ ಬರೆದಿದೆ, ಜನವರಿ 20ರ ಮಧ್ಯಾಹ್ನ. ಕೈಕುಲುಕುವಾಗಲೇ ಈ ಕೈ ಎಂದು ಹಿಂದೆ ಸರಿಯುತ್ತದೆಂದು ಲೆಕ್ಕ ಹಾಕಬಹುದು. ಅದು ಪಂಚಾಂಗದ ಅನಿತ್ಯ. ಅರವತ್ತರ ದಶಕದ ಆಫ್ರಿಕಾದ ನಾಯಕರಿಗೆ ಈ ಪಂಚಾಂಗ ಇರಲಿಲ್ಲ. ಅವರು ಆಜೀವ ಅಧ್ಯಕ್ಷರಾಗಲು ಹೊರಟರು, ಬಂದೂಕು ಹಿಡಿದವರು ಒಂದು ಬೆಳಗಿನ ಜಾವ ರೇಡಿಯೋ ಸ್ಟೇಷನ್ನಿಗೆ ನುಗ್ಗಿದರು. ಅದು ಸಿಡಿಲಿನ ಅನಿತ್ಯ. ಈ ಎರಡು ಬಗೆಯ ಅನಿತ್ಯಗಳು ಕೈಕುಲುಕಿದ್ದೇ ಆ ಕಾಲದ ರಾಜತಾಂತ್ರಿಕತೆ. ಆಮೇಲೆ ಡಲ್ಲಾಸ್‌ನಲ್ಲಿ ಪಂಚಾಂಗದವರ ಮೇಲೂ ಸಿಡಿಲು ಬಿತ್ತು.

ಜಾನ್ ಕೆನಡಿ ಆಫ್ರಿಕಾದ ಮೇಲೆ ಕಣ್ಣಿಟ್ಟಿದ್ದು ಅಧ್ಯಕ್ಷರಾಗುವ ಮೊದಲೇ. 1957ರ ಜುಲೈಯಲ್ಲಿ ಸೆನೆಟಿನಲ್ಲಿ ಎದ್ದುನಿಂತು, ಅಲ್ಜೀರಿಯಾದ ಸ್ವಾತಂತ್ರ್ಯದ ಪರವಾಗಿ, ಮಿತ್ರರಾಷ್ಟ್ರ ಫ್ರಾನ್ಸಿಗೆ ಮುಜುಗರವಾಗುವಂತೆ ಮಾತಾಡಿದರು. ಅಧ್ಯಕ್ಷರಾದ ಮೇಲೆ ಸಾವಿರ ದಿನವನ್ನು ತುಸುವೇ ದಾಟಿದ ಅವಧಿಯಲ್ಲಿ 28 ಆಫ್ರಿಕನ್ ನಾಯಕರನ್ನು ಶ್ವೇತಭವನದಲ್ಲಿ ಕಂಡರು. ತಾವು ಮಾತ್ರ ಅಧ್ಯಕ್ಷರಾಗಿ ಒಮ್ಮೆಯೂ ಆಫ್ರಿಕಾದ ನೆಲ ಮೆಟ್ಟಲಿಲ್ಲ. ಅವರದು ಮನೆಗೆ ಕರೆಯುವ ಸ್ನೇಹ. ಬಂದವರನ್ನು ಕೂರಿಸಿ, ಅವರ ದೇಶದ ವಿವರಗಳನ್ನು ಅವರಿಗಿಂತ ಚುರುಕಾಗಿ ಹೇಳಿ ಮರುಳು ಮಾಡುತ್ತಿದ್ದರು. ಅದರಲ್ಲಿ ಲೆಕ್ಕಾಚಾರ ಇತ್ತೇ? ಖಂಡಿತ ಇತ್ತು. 1960 ಒಂದೇ ವರ್ಷದಲ್ಲಿ ಆಫ್ರಿಕಾದ 17 ದೇಶಗಳು ಸ್ವತಂತ್ರವಾಗಿದ್ದವು. ವಿಶ್ವಸಂಸ್ಥೆಯಲ್ಲಿ ಅಷ್ಟೂ ಮತ. ಆಚೆ ಬದಿಯಲ್ಲಿ ಮಾಸ್ಕೋ ಬಾಗಿಲು ತೆರೆದು ಕೂತಿತ್ತು. ಆದರೆ ಲೆಕ್ಕವಿದ್ದ ಮಾತ್ರಕ್ಕೆ ಸ್ನೇಹ ಸುಳ್ಳಾಗುವುದಿಲ್ಲ. ನಮ್ಮ ಮದುವೆಗಳಲ್ಲಿ ಲೆಕ್ಕವಿಲ್ಲವೇ?

ಘಾನಾದ ಅಧ್ಯಕ್ಷ ಕ್ವಾಮೆ ಎನ್‌ಕ್ರುಮಾ ವಾಷಿಂಗ್ಟನ್ನಿಗೆ ಬಂದದ್ದು 1961ರ ಮಾರ್ಚ್ 8ರಂದು. ಕೆನಡಿ ವಿಮಾನ ನಿಲ್ದಾಣಕ್ಕೇ ಹೋಗಿ ಎದುರುಗೊಂಡರು. ಮೂರು ವಾರದ ಹಿಂದಷ್ಟೇ ಕಾಂಗೋದ ನಾಯಕ ಪ್ಯಾಟ್ರಿಸ್ ಲುಮುಂಬಾ ಕೊಲೆಯಾದ ಸುದ್ದಿ ಹೊರಬಿದ್ದಿತ್ತು. ಆ ಸುದ್ದಿಯನ್ನು ಫೋನಿನಲ್ಲಿ ಕೇಳುತ್ತ ಹಣೆಗೆ ಕೈಹಚ್ಚಿದ ಕೆನಡಿಯ ಚಿತ್ರ ಈಗಲೂ ಪುಸ್ತಕಗಳಲ್ಲಿ ಸಿಗುತ್ತದೆ. ಲುಮುಂಬಾ ಎನ್‌ಕ್ರುಮಾರ ಆತ್ಮೀಯ. ಹಾಗಾಗಿ ಅತಿಥಿಯ ಎದೆಯಲ್ಲಿ ಸಿಟ್ಟೂ ಇತ್ತು, ಹಳೆಯ ಸಲಿಗೆಯೂ ಇತ್ತು. ಎನ್‌ಕ್ರುಮಾಗೆ ಅಮೆರಿಕ ಹೊಸದಲ್ಲ. 1935ರಲ್ಲಿ ವಿದ್ಯಾರ್ಥಿಯಾಗಿ ಬಂದು ಹತ್ತು ವರ್ಷ ಪೆನ್ಸಿಲ್ವೇನಿಯಾದಲ್ಲಿ ಓದಿದವರು. ರಜೆಯಲ್ಲಿ ಹಾರ್ಲೆಮ್‌ನ ಬೀದಿಯಲ್ಲಿ ಮೀನು ಮಾರಿದವರು, ಹಡಗಿನಲ್ಲಿ ತಟ್ಟೆ ತೊಳೆದವರು, ಮಲಗಲು ಜಾಗವಿಲ್ಲದೆ ನ್ಯೂಯಾರ್ಕಿನ ಸುರಂಗ ರೈಲಿನಲ್ಲಿ ಇರುಳು ಕಳೆದವರು. ತಟ್ಟೆ ತೊಳೆದ ದೇಶದ ದೊರೆ ವಿಮಾನದ ಬುಡಕ್ಕೆ ಬಂದು ನಿಂತಾಗ ಆ ಮನುಷ್ಯನಿಗೆ ಏನನ್ನಿಸಿರಬಹುದು ಎಂದು ಯೋಚಿಸುತ್ತೇನೆ. ಯಾವುದೂ ಇದ್ದಂತೆ ಇರುವುದಿಲ್ಲ ಎಂಬ ಮಾತಿಗೆ ಸಿಹಿಯ ಮುಖವೂ ಒಂದಿದೆ. ಅದನ್ನು ನಾವು ಅನಿತ್ಯ ಎಂದು ಕರೆಯುವುದಿಲ್ಲ, ಅದೃಷ್ಟ ಎನ್ನುತ್ತೇವೆ.

ಆ ವರ್ಷದ ಆಗಸ್ಟಿನಲ್ಲಿ ಕೆನಡಿಯ ಶಾಂತಿದಳದ ಮೊಟ್ಟಮೊದಲ ತಂಡ ಅಕ್ರಾದಲ್ಲಿ ಇಳಿಯಿತು. ಐವತ್ತರಷ್ಟು ಮಂದಿ, ಶಾಲೆಗಳಲ್ಲಿ ಪಾಠ ಹೇಳಲು ಬಂದ ಯುವಕ ಯುವತಿಯರು, ನಿಲ್ದಾಣದಲ್ಲೇ ಸಾಲಾಗಿ ನಿಂತು ಟ್ವಿ ಭಾಷೆಯಲ್ಲಿ ಆ ನಾಡಿನ ಹಾಡು ಹಾಡಿದರು. ಇಷ್ಟೆಲ್ಲ ಆದರೂ ಅಣೆಕಟ್ಟಿನ ದುಡ್ಡು ಮಾತ್ರ ಸುಲಭವಾಗಿ ಬಿಡುಗಡೆಯಾಗಲಿಲ್ಲ. ಎನ್‌ಕ್ರುಮಾ ಮಾಸ್ಕೋಗೂ ಪೀಕಿಂಗಿಗೂ ಹೋಗಿಬಂದರು. ವಿರೋಧಿಗಳನ್ನು ವಿಚಾರಣೆಯಿಲ್ಲದೆ ಜೈಲಿಗೆ ತಳ್ಳುತ್ತಿದ್ದರು. ಅಧ್ಯಕ್ಷರ ತಮ್ಮ ರಾಬರ್ಟ್ ಕೆನಡಿಯೇ ಬೇಡ ಎಂದರು. ಇನ್ನೊಂದು ಕಡೆ ಈಜಿಪ್ಟಿನ ಆಸ್ವಾನ್ ಅಣೆಕಟ್ಟನ್ನು ಕೈಬಿಟ್ಟು ಅದನ್ನು ರಷ್ಯಾದ ಮಡಿಲಿಗೆ ಹಾಕಿದ ನೆನಪು ಅಮೆರಿಕಕ್ಕೆ ಹಸಿಯಾಗಿತ್ತು. ನವೆಂಬರಿನಲ್ಲಿ, ಅಕ್ರಾದಲ್ಲಿ ಬಾಂಬು ಸಿಡಿಯುತ್ತಿದ್ದ ದಿನಗಳಲ್ಲೇ, ರಾಣಿ ಎಲಿಜಬೆತ್ ಅಲ್ಲಿಗೆ ಹೋಗಿ ಎನ್‌ಕ್ರುಮಾರ ಜೊತೆ ನೃತ್ಯ ಮಾಡಿದರು. ನಾವು ರಾಣಿಯನ್ನೇ ಒಡ್ಡಿದ್ದೇವೆ, ನೀವು ದುಡ್ಡನ್ನಾದರೂ ಒಡ್ಡಿ ಎಂಬ ಅರ್ಥದಲ್ಲಿ ಬ್ರಿಟನ್ನಿನ ಪ್ರಧಾನಿ ಮ್ಯಾಕ್‌ಮಿಲನ್ ಕೆನಡಿಗೆ ಹೇಳಿದರು. ಡಿಸೆಂಬರಿನಲ್ಲಿ ಒಪ್ಪಿಗೆ ಬಂತು.

ಕಿತ್ತಳೆ ರಸದ ಗ್ಬೆಡೆಮಾ ಆಗ ಎಲ್ಲಿದ್ದರು? ಎನ್‌ಕ್ರುಮಾ ಬ್ರಿಟಿಷರ ಜೈಲಿನಲ್ಲಿದ್ದಾಗ ಪಕ್ಷವನ್ನು ಹೆಗಲ ಮೇಲೆ ಹೊತ್ತು ಚುನಾವಣೆ ಗೆಲ್ಲಿಸಿದವರು ಅವರೇ. ಆ ಶರತ್ಕಾಲದಲ್ಲಿ ಎನ್‌ಕ್ರುಮಾ ಅವರನ್ನು ಮಂತ್ರಿಮಂಡಲದಿಂದ ಹೊರಹಾಕಿದ್ದರು. ಅಣೆಕಟ್ಟಿಗೆ ಹಸಿರು ನಿಶಾನೆ ಸಿಗುವ ಹೊತ್ತಿಗೆ ಅದರ ಮಾತು ಮೊದಲು ತೆಗೆದವರು ದೇಶಭ್ರಷ್ಟರಾಗಿದ್ದರು.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ, ಏಕೆಂದರೆ ಅದು ಬೇಗಬೇಗನೆ ನಡೆಯಿತು. 1963ರ ನವೆಂಬರ್ 22, ಡಲ್ಲಾಸ್‌ನಲ್ಲಿ ಕೆನಡಿಯ ಕೊಲೆ. ಕೆನಡಿ ಹೋದ ಮೇಲೆ ಎನ್‌ಕ್ರುಮಾಗೆ ವಾಷಿಂಗ್ಟನ್ನಿನಲ್ಲಿ ಮಾತಾಡುವ ಮುಖ ಉಳಿಯಲಿಲ್ಲ. ಮುಂದಿನ ಅಧ್ಯಕ್ಷ ಜಾನ್ಸನ್ನರಿಗೆ ಅವರ ಮೇಲೆ ಒಲವಿರಲಿಲ್ಲ. 1965ರಲ್ಲಿ ಹೊಸ ವಸಾಹತುಶಾಹಿಯ ಮೇಲೆ ಎನ್‌ಕ್ರುಮಾ ಪುಸ್ತಕ ಬರೆದು ಅಮೆರಿಕದ ಬಂಡವಾಳವನ್ನು ಹೆಸರೆತ್ತಿ ಝಾಡಿಸಿದರು. ಅಮೆರಿಕ ನೆರವು ನಿಲ್ಲಿಸಿತು. ಎನ್‌ಕ್ರುಮಾರ ವಿರುದ್ಧ ನಡೆದ ದಂಗೆಯ ಸಂಚಿನ ಸುಳಿವು ಅಮೆರಿಕಕ್ಕೆ ಮೊದಲೇ ಇತ್ತೆಂಬುದು ಆಮೇಲೆ ಬಯಲಿಗೆ ಬಂದ ಅವರದೇ ಕಡತಗಳಲ್ಲಿದೆ. 1966ರ ಜನವರಿ 22ರಂದು ಅಕೊಸೊಂಬೊದಲ್ಲಿ ಅಣೆಕಟ್ಟಿನ ಉದ್ಘಾಟನೆ. ಫೆಬ್ರವರಿ 24ರಂದು, ವಿಯೆಟ್ನಾಂ ಯುದ್ಧಕ್ಕೆ ಸಂಧಾನ ಮಾಡಿಸುತ್ತೇನೆಂದು ಹೊರಟ ಎನ್‌ಕ್ರುಮಾ ಪೀಕಿಂಗಿನಲ್ಲಿದ್ದಾಗ, ಅಕ್ರಾದಲ್ಲಿ ಸೈನ್ಯ ದಂಗೆ ಎದ್ದಿತು.

ನಡುವೆ ಮೂವತ್ತಮೂರು ದಿನ. ಒಂದು ತಿಂಗಳ ಕರೆಂಟ್ ಬಿಲ್ಲಿನ ಅವಧಿ.

ದಂಗೆಯ ದಿನ ಗುಂಪು ಎನ್‌ಕ್ರುಮಾರ ಕಂಚಿನ ಪ್ರತಿಮೆಯನ್ನು ಕೆಡವಿ ತಲೆ ಕಿತ್ತಿತು. ವಿಮಾನ ನಿಲ್ದಾಣಕ್ಕೆ ದಂಗೆಯ ಮುಂದಾಳುಗಳಲ್ಲಿ ಒಬ್ಬನಾದ ಕೊಟೊಕಾ ಎಂಬ ಸೇನಾಧಿಕಾರಿಯ ಹೆಸರು ಬಂತು. ಆತನೂ ಹದಿನಾಲ್ಕು ತಿಂಗಳಲ್ಲಿ ಇನ್ನೊಂದು ವಿಫಲ ದಂಗೆಯಲ್ಲಿ ಗುಂಡಿಗೆ ಬಲಿಯಾಗಿದ್ದ. ಎನ್‌ಕ್ರುಮಾರಿಗೆ ಗಿನಿ ದೇಶದ ಸೆಕು ತೂರೆ ಆಶ್ರಯ ಕೊಟ್ಟು ಸಹ-ಅಧ್ಯಕ್ಷ ಎಂಬ ಬಿರುದು ಕಟ್ಟಿದರು. 1972ರಲ್ಲಿ ಎನ್‌ಕ್ರುಮಾ ಬುಖಾರೆಸ್ಟಿನಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಶವ ಗಿನಿಯ ರಾಜಧಾನಿ ಕೊನಾಕ್ರಿಗೆ ಬಂತು, ಅಲ್ಲಿಂದ ಹುಟ್ಟೂರು ಎನ್‌ಕ್ರೊಫುಲ್‌ಗೆ ಹೋಯಿತು, ಇಪ್ಪತ್ತು ವರ್ಷದ ಮೇಲೆ ಅಕ್ರಾದ ಅಮೃತಶಿಲೆಯ ಸಮಾಧಿಗೆ. ಆ ಸಮಾಧಿ ಇರುವುದು ಬ್ರಿಟಿಷರು ಪೋಲೋ ಆಡುತ್ತಿದ್ದ ಮೈದಾನದಲ್ಲಿ. 1957ರ ಮಾರ್ಚ್ 6ರ ನಡುರಾತ್ರಿ ಎನ್‌ಕ್ರುಮಾ ಸ್ವಾತಂತ್ರ್ಯ ಘೋಷಿಸಿದ್ದೂ ಅಲ್ಲೇ.

ಕನ್ನಡದಲ್ಲಿ ಬರೆಯುವವರಿಗೆ ಇಲ್ಲಿ ಸ್ಥಾವರ, ಜಂಗಮ ಎಂಬ ಜೋಡಿಮಾತು ತಾನಾಗಿಯೇ ನಾಲಿಗೆಗೆ ಬರುತ್ತದೆ. ಅಷ್ಟು ಸುಲಭವಾಗಿ ಬಂದದ್ದಕ್ಕೇ ನನಗೆ ಅನುಮಾನ. ಬದುಕಿದ್ದಾಗ ಕುರ್ಚಿ ಬಿಟ್ಟು ಅಲುಗಲು ಒಪ್ಪದ ಮನುಷ್ಯ ಸತ್ತ ಮೇಲೆ ಮೂರು ದೇಶ ಸುತ್ತಿದ. ಕೆಡವಿದ ಪ್ರತಿಮೆಯ ತಲೆಯನ್ನು ಯಾರೋ ಒಬ್ಬರು ಎತ್ತಿಕೊಂಡು ಹೋಗಿ ನಾಲ್ಕು ದಶಕ ಜೋಪಾನ ಮಾಡಿ, 2009ರಲ್ಲಿ ಸರಕಾರಕ್ಕೆ ಒಪ್ಪಿಸಿದರು. ಈಗ ಸಮಾಧಿಯ ಉದ್ಯಾನದಲ್ಲಿ ತಲೆಯಿಲ್ಲದ ಮೈ ಒಂದು ಪೀಠದ ಮೇಲೆ, ಮೈಯಿಲ್ಲದ ತಲೆ ಪಕ್ಕದ ಪೀಠದ ಮೇಲೆ. ಬೆಸುಗೆ ಹಾಕಬಹುದಿತ್ತು, ಹಾಕಿಲ್ಲ. ಒಳ್ಳೆಯದೇ ಮಾಡಿದರು. ಇದನ್ನು ಸ್ಥಾವರ ಎನ್ನಬೇಕೋ ಜಂಗಮ ಎನ್ನಬೇಕೋ ನನಗೆ ಬಗೆಹರಿಯುವುದಿಲ್ಲ. ಅಳಿವನ್ನೇ ಅಳಿಯದಂತೆ ನಿಲ್ಲಿಸಿದ್ದಾರೆ.

ನೀರಿನ ಕತೆಗೆ ಬರೋಣ. ಸ್ನೇಹ ಮಾಡಿದ ಇಬ್ಬರೂ ಇಲ್ಲವಾದ ಮೇಲೆ ಉಳಿದದ್ದು ಒಂದು ಸರೋವರ. ಸುಮಾರು 8,500 ಚದರ ಕಿಲೋಮೀಟರ್ ಹರಡಿದ ವೋಲ್ಟಾ ಜಲಾಶಯ, ಮನುಷ್ಯ ಕಟ್ಟಿದ ಜಲಾಶಯಗಳಲ್ಲಿ ವಿಸ್ತಾರದಲ್ಲಿ ಅತಿ ದೊಡ್ಡವುಗಳ ಸಾಲಿನದು. ಅದರಡಿ 700ಕ್ಕೂ ಹೆಚ್ಚು ಹಳ್ಳಿಗಳಿವೆ. ಸುಮಾರು 80,000 ಜನ ಎದ್ದುಹೋದರು, 52 ಹೊಸ ಊರುಗಳಲ್ಲಿ ಅವರಿಗೆ ಒಂದೇ ನಮೂನೆಯ ಮನೆ ಕಟ್ಟಿಕೊಟ್ಟರು. ಶರಾವತಿಯ ದಂಡೆಯಿಂದ ಎದ್ದುಬಂದವರ ಮಕ್ಕಳು ಇದನ್ನು ಓದುತ್ತಿದ್ದರೆ ಉಳಿದದ್ದನ್ನು ಅವರೇ ತುಂಬಿಕೊಳ್ಳಬಲ್ಲರು. ಎರಡೂ ಕಡೆ ನೀರು ಏರಿದ್ದು ಅದೇ ವರ್ಷಗಳಲ್ಲಿ. ಅಲ್ಲಿ ನೀರು ನಿಲ್ಲಿಸುವ ಮೊದಲು ಕಾಡು ಕಡಿದಿರಲಿಲ್ಲ. ಮರಗಳು ನಿಂತಲ್ಲೇ ಸತ್ತವು, ಸತ್ತರೂ ನಿಂತೇ ಇದ್ದವು. ನೀರಿನ ಮಟ್ಟಕ್ಕೆ ತುಸು ಕೆಳಗೆ ಅಡಗಿದ ಆ ಬೊಡ್ಡೆಗಳಿಗೆ ಈಗಲೂ ದೋಣಿಗಳು ಬಡಿದು ಜನ ಸಾಯುತ್ತಾರೆ. ಕೆಳದಂಡೆಯಲ್ಲಿ ಹೆಂಗಸರು ಬಳಚು ಆರಿಸಿ ಬದುಕುತ್ತಿದ್ದರು, ನಮ್ಮ ದಕ್ಷಿಣದ ಕರಾವಳಿಯವರು ಮರುವಾಯಿ ಎನ್ನುವ ಚಿಪ್ಪಿನ ಜೀವಿಯಂಥದ್ದು. ನೆರೆ ನಿಂತಮೇಲೆ ಆ ಕಸುಬು ಕುಗ್ಗಿತು. ನಿಂತ ನೀರಿನಲ್ಲಿ ಬಸವನಹುಳು ಹೆಚ್ಚಿ, ಅದರಿಂದ ಹರಡುವ, ಮೂತ್ರದಲ್ಲಿ ರಕ್ತ ಬರುವ ಕಾಯಿಲೆ ದಂಡೆಯ ಮಕ್ಕಳಿಗೆ ಅಂಟಿತು.

ಕರೆಂಟಿನ ಬಹುಪಾಲು ಟೆಮಾ ಬಂದರಿನಲ್ಲಿ ಅಮೆರಿಕದ ಕೈಸರ್ ಕಂಪನಿ ಹಾಕಿದ ಅಲ್ಯುಮಿನಿಯಂ ಕಾರ್ಖಾನೆಗೆ ಅಗ್ಗದ ದರದಲ್ಲಿ ಹೋಯಿತು. ಘಾನಾದ ನೆಲದಲ್ಲೇ ಬಾಕ್ಸೈಟ್ ಇದ್ದರೂ ಕಾರ್ಖಾನೆಗೆ ಬೇಕಾದ ಅಲ್ಯುಮಿನಾ ಹೊರಗಿನಿಂದ ಹಡಗಿನಲ್ಲಿ ಬಂತು. ಸ್ನೇಹದ ಕರಾರಿನಲ್ಲಿ ಅದೂ ಇತ್ತು. 1983ರ ಬರದಲ್ಲಿ ಸರೋವರ ಇಳಿದು ಕಾರ್ಖಾನೆಗೇ ಕರೆಂಟ್ ಸಿಗದಾಯಿತು. ಇತ್ತೀಚಿನ ವರ್ಷಗಳ ವಿದ್ಯುತ್ ಕಡಿತಕ್ಕೆ ಘಾನಾದವರು ಟ್ವಿ ಭಾಷೆಯಲ್ಲಿ ಒಂದು ಹೆಸರಿಟ್ಟಿದ್ದಾರೆ, ಡುಮ್‌ಸೋರ್. ಆರಿಸು, ಹೊತ್ತಿಸು ಎಂಬ ಎರಡು ಮಾತು ಸೇರಿ ಆದ ಪದ. ಅನಿತ್ಯದ ಬಗ್ಗೆ ದಪ್ಪ ದಪ್ಪ ಗ್ರಂಥ ಬರೆದವರು ಇದಕ್ಕಿಂತ ಒಳ್ಳೆಯ ಪದ ಹುಟ್ಟಿಸಿದ್ದು ನಾನು ಕಾಣೆ.

ಹಾಗಾದರೆ ಆ ಸ್ನೇಹ ವ್ಯರ್ಥವೇ? ಇಲ್ಲಿ ವಾದ ಮಾಡುವವರು ಎರಡು ಗುಂಪಾಗುತ್ತಾರೆ. ನನಗೆ ಎರಡೂ ಗುಂಪು ಒಲಿಯುವುದಿಲ್ಲ. ದೀಪ ಇನ್ನೂ ಹೊತ್ತುತ್ತದೆ. ಅಕ್ರಾದ ಆಸ್ಪತ್ರೆಯಲ್ಲಿ ಈ ರಾತ್ರಿ ಹುಟ್ಟುವ ಕೂಸಿನ ತಲೆಯ ಮೇಲಿನ ಬೆಳಕಿನಲ್ಲಿ ಅಕೊಸೊಂಬೊದ ಪಾಲಿದೆ. ಮುಳುಗಿದ ಹಳ್ಳಿಯ ಪಾಲೂ ಇದೆ. ಕೆನಡಿಯ ನಗೆಯ ಪಾಲು ಎಷ್ಟಿದೆ ಎಂದು ಯಾರು ಅಳೆದಾರು?

ಆಶ್ರಯ ಕೊಟ್ಟ ಸೆಕು ತೂರೆಯ ಮಾತು ಬಂತಲ್ಲ, ಅವರೂ ಕೆನಡಿಯ ಗೆಳೆಯರೇ. 1962ರ ಅಕ್ಟೋಬರಿನಲ್ಲಿ ಶ್ವೇತಭವನಕ್ಕೆ ಹೋಗಿ ಬಂದರು. ಅದೇ ತಿಂಗಳು ಕ್ಯೂಬಾದ ಕ್ಷಿಪಣಿ ಬಿಕ್ಕಟ್ಟು ಎದ್ದಿತು. ಕ್ಯೂಬಾಕ್ಕೆ ಹೋಗುವ ಸೋವಿಯತ್ ವಿಮಾನಗಳು ಇಂಧನಕ್ಕೆಂದು ಕೊನಾಕ್ರಿಯಲ್ಲಿ ಇಳಿಯಲು ತೂರೆ ಬಿಡಲಿಲ್ಲ. ಆ ನಿಲ್ದಾಣಕ್ಕೆ ನೆರವಾಗಿದ್ದೇ ಸೋವಿಯತ್ತಿನವರು. ಒಂದು ಸ್ನೇಹ ಹದಿನೈದು ದಿನದೊಳಗೆ ಜಗತ್ತಿಗೆ ಉಪಕಾರವಾದದ್ದಕ್ಕೆ ಇಷ್ಟು ಶುದ್ಧ ಉದಾಹರಣೆ ಸಿಗುವುದು ಕಷ್ಟ. ಅದೇ ತೂರೆಯ ಜೈಲಿನಲ್ಲಿ 1977ರಲ್ಲಿ ದಿಯಾಲೊ ತೆಲ್ಲಿ ಅನ್ನ ನೀರು ಕಾಣದೆ ಸತ್ತರು. ಅವರು ಆಫ್ರಿಕಾ ಏಕತಾ ಸಂಘಟನೆಯ ಮೊದಲ ಪ್ರಧಾನ ಕಾರ್ಯದರ್ಶಿ, ಅದಕ್ಕೂ ಮೊದಲು ಗಿನಿಯ ಪರವಾಗಿ ಅಮೆರಿಕದಲ್ಲೇ ರಾಯಭಾರಿಯಾಗಿದ್ದವರು. ತೂರೆ ಸತ್ತದ್ದು 1984ರಲ್ಲಿ, ಅಮೆರಿಕದ ಕ್ಲೀವ್‌ಲ್ಯಾಂಡಿನ ಆಸ್ಪತ್ರೆಯೊಂದರಲ್ಲಿ, ಹೃದಯದ ಚಿಕಿತ್ಸೆಗೆ ಬಂದಾಗ. ಸುಮಾರು ಒಂದು ವಾರದಲ್ಲಿ ಅವರ ಆಳ್ವಿಕೆಯನ್ನೂ ಸೈನ್ಯ ಗುಡಿಸಿಹಾಕಿತು.

ಆಮೇಲೆ ಅಮೆರಿಕದ ಅಧ್ಯಕ್ಷರುಗಳು ಆಫ್ರಿಕಾಕ್ಕೆ ಬರತೊಡಗಿದರು. 1998ರ ಮಾರ್ಚ್‌ನಲ್ಲಿ ಕ್ಲಿಂಟನ್ ಅಕ್ರಾಗೆ ಬಂದಾಗ ಕೆಂಟೆ ವಸ್ತ್ರ ಹೊದಿಸಿದರು. ಲಕ್ಷಗಟ್ಟಲೆ ಜನ ಮುನ್ನುಗ್ಗಿ ಮುಂದಿನ ಸಾಲಿನ ಹೆಂಗಸೊಬ್ಬರು ತಡೆಗೋಡೆಗೆ ಒತ್ತಿಹೋದಾಗ ಅಧ್ಯಕ್ಷರು ಮುಖ ಕೆಂಪಗೆ ಮಾಡಿಕೊಂಡು ಹಿಂದೆ ಸರಿಯಿರೆಂದು ಕಿರುಚಬೇಕಾಯಿತು. 2008ರಲ್ಲಿ ಬುಷ್ ಬಂದರು, ಅಲ್ಲಿನ ಹೆದ್ದಾರಿಯೊಂದಕ್ಕೆ ಅವರ ಹೆಸರು ಬಂತು. 2009ರಲ್ಲಿ ಒಬಾಮಾ ಬಂದು, ಗುಲಾಮರನ್ನು ಹಡಗಿಗೆ ಹತ್ತಿಸುತ್ತಿದ್ದ ಕೇಪ್ ಕೋಸ್ಟ್ ಕೋಟೆಯ ನೆಲಮಾಳಿಗೆಗೆ ಹೆಂಡತಿ ಮಕ್ಕಳೊಂದಿಗೆ ಇಳಿದರು. ಮೂವರೂ ಇಳಿದದ್ದು ಕೊಟೊಕಾ ನಿಲ್ದಾಣದಲ್ಲಿ, ಕೆನಡಿಯ ಗೆಳೆಯನನ್ನು ಕೆಡವಿದವನ ಹೆಸರಿನಲ್ಲಿ.

ನಾವೇನೂ ಈ ಆಟದ ಹೊರಗಿಲ್ಲ. ಘಾನಾದ ಅಧ್ಯಕ್ಷರ ಭವನ ಭಾರತದ ಸಾಲದಿಂದ ಕಟ್ಟಿದ್ದು. 2008ರಲ್ಲಿ ಜೂಬಿಲಿ ಹೌಸ್ ಎಂದು ಹೆಸರಿಟ್ಟರು, ಮುಂದಿನ ಪಕ್ಷದವರು ಫ್ಲ್ಯಾಗ್‌ಸ್ಟಾಫ್ ಹೌಸ್ ಎಂದರು, 2018ರಲ್ಲಿ ಅದು ಮತ್ತೆ ಜೂಬಿಲಿ ಹೌಸ್ ಆಯಿತು. 2016ರಲ್ಲಿ ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಘಾನಾ ವಿಶ್ವವಿದ್ಯಾಲಯದಲ್ಲಿ ಗಾಂಧಿ ಪ್ರತಿಮೆ ಅನಾವರಣ ಮಾಡಿದರು. ದಕ್ಷಿಣ ಆಫ್ರಿಕಾದಲ್ಲಿ ಯುವಕ ಗಾಂಧಿ ಕರಿಯರ ಬಗ್ಗೆ ಬರೆದದ್ದನ್ನು ಓದಿದ ಅಲ್ಲಿನ ಅಧ್ಯಾಪಕರು, ವಿದ್ಯಾರ್ಥಿಗಳು ಆಕ್ಷೇಪ ಎತ್ತಿದರು. 2018ರ ಡಿಸೆಂಬರಿನಲ್ಲಿ ಪ್ರತಿಮೆ ಅಲ್ಲಿಂದ ಹೋಯಿತು. ಕೊಟ್ಟವರ ಸಡಗರ ಎರಡೂವರೆ ವರ್ಷ ಬಾಳಿತು.

ಕೆನಡಿ 1961ರ ನವೆಂಬರಿನಲ್ಲಿ ಹುಟ್ಟುಹಾಕಿದ ವಿದೇಶ ನೆರವು ಸಂಸ್ಥೆ ಯುಎಸ್‌ಏಡ್ ಕೂಡ ಹೋಯಿತು. 2025ರ ಫೆಬ್ರವರಿಯಲ್ಲಿ ವಾಷಿಂಗ್ಟನ್ನಿನ ಕಟ್ಟಡದ ಮೇಲಿನ ಅಕ್ಷರಗಳನ್ನು ಕಿತ್ತರು, ಜುಲೈ 1ಕ್ಕೆ ಸಂಸ್ಥೆ ಮುಚ್ಚಿತು. ಅರವತ್ತನಾಲ್ಕನೇ ವಯಸ್ಸು, ನಮ್ಮ ಲೆಕ್ಕದಲ್ಲಿ ಷಷ್ಟ್ಯಬ್ದಿ ಮುಗಿದಿತ್ತು. ಆಫ್ರಿಕಾದ ಎಷ್ಟೋ ಆಸ್ಪತ್ರೆಗಳಲ್ಲಿ ಏಡ್ಸ್ ಮಾತ್ರೆಗೆ ಬಂದವರು ಬಾಗಿಲು ಹಾಕಿದ್ದನ್ನು ಕಂಡು ಮರಳಿದರು. ಇದನ್ನು ಕಾಲದ ಮಹಿಮೆ ಎಂದು ತಾತ್ತ್ವಿಕವಾಗಿ ನುಂಗುವುದು ನನ್ನಿಂದ ಆಗದು. ಎಲ್ಲವೂ ಅಳಿಯುತ್ತದೆ ಎಂಬುದು ಒಂದು ಮಾತು, ಒಬ್ಬ ಸಹಿ ಹಾಕಿ ಅಳಿಸುವುದು ಇನ್ನೊಂದು. ಅಮೆರಿಕದ ಗೋಧಿ ನುಚ್ಚಿನ ಉಪ್ಪಿಟ್ಟು, ಹಾಲಿನ ಪುಡಿ ಕರ್ನಾಟಕದ ಪ್ರಾಥಮಿಕ ಶಾಲೆಗಳಿಗೂ ಬರುತ್ತಿದ್ದ ಕಾಲವೊಂದಿತ್ತು. ಅದನ್ನು ತಿಂದ ಹಿರಿಯರನ್ನು ಕೇಳಿ ನೋಡಿ. ಆಗ ಅಲ್ಲಿ ಅಧ್ಯಕ್ಷರು ಯಾರಿದ್ದರೆಂದು ಬಹಳ ಮಂದಿಗೆ ನೆನಪಿರುವುದಿಲ್ಲ. ಉಪ್ಪಿಟ್ಟಿನ ವಾಸನೆ ನೆನಪಿರುತ್ತದೆ.

ಇನ್ನೊಬ್ಬ ಅಧ್ಯಕ್ಷರ ವಿಷಯ ಉಳಿದಿದೆ. ಜಿಮ್ಮಿ ಕಾರ್ಟರ್ 1978ರಲ್ಲಿ ನೈಜೀರಿಯಾಕ್ಕೂ ಲೈಬೀರಿಯಾಕ್ಕೂ ಹೋದರು. ಅಧಿಕಾರದಲ್ಲಿದ್ದು ಸಹಾರಾದ ದಕ್ಷಿಣಕ್ಕೆ ಅಧಿಕೃತ ಪ್ರವಾಸ ಮಾಡಿದ ಮೊದಲ ಅಮೆರಿಕನ್ ಅಧ್ಯಕ್ಷ. ಆ ಪ್ರವಾಸ ಈಗ ಯಾರಿಗೂ ನೆನಪಿಲ್ಲ. ಮನ್ರೋವಿಯಾದಲ್ಲಿ ಅವರನ್ನು ಸತ್ಕರಿಸಿದ ಅಧ್ಯಕ್ಷ ಟಾಲ್ಬರ್ಟ್ 1980ರ ಏಪ್ರಿಲ್‌ನಲ್ಲಿ ತಮ್ಮ ಭವನದಲ್ಲೇ ಕೊಲೆಯಾದರು. ಆ ನವೆಂಬರಿನಲ್ಲಿ ಕಾರ್ಟರ್ ಚುನಾವಣೆ ಸೋತರು. ಸಿಡಿಲೂ ಪಂಚಾಂಗವೂ ಒಂದೇ ವರ್ಷ.

ಕುರ್ಚಿ ಹೋದ ಮೇಲೆ ಕಾರ್ಟರ್ ಸ್ನೇಹ ಬೆಳೆಸಿದ್ದು ಒಂದು ಹುಳುವಿನ ಮೂಲಕ. 1986ರಲ್ಲಿ ಅವರ ಸಂಸ್ಥೆ ಗಿನಿ ಹುಳುವಿನ ನಿರ್ಮೂಲನೆಗೆ ಇಳಿಯಿತು.

ಕನ್ನಡದಲ್ಲಿ ಇದಕ್ಕೆ ನಾರು ಹುಣ್ಣು ಎನ್ನುತ್ತಿದ್ದರು. ನಮ್ಮ ಉತ್ತರ ಕರ್ನಾಟಕದ ಮೆಟ್ಟಿಲು ಬಾವಿಗಳ ಊರುಗಳಲ್ಲಿ ಇದು ಮನೆಮಾತಾಗಿತ್ತು. ಹುಳುವಿನ ಮರಿ ಹೊಕ್ಕ ನೀರುಚಿಗಟ ನೀರಿನ ಜೊತೆ ಹೊಟ್ಟೆಗೆ ಹೋಗುತ್ತದೆ. ಮರಿ ಮೈಯೊಳಗೆ ಒಂದು ವರ್ಷ ಬೆಳೆದು ಎರಡು ಮೂರಡಿ ಉದ್ದದ ಬಿಳಿ ದಾರವಾಗಿ ಕಾಲಿನಲ್ಲಿ ಬೊಕ್ಕೆ ಎಬ್ಬಿಸಿ ಹೊರಬರುತ್ತದೆ. ಉರಿ ತಾಳದೆ ನೀರಿಗೆ ಕಾಲಿಟ್ಟರೆ ಹುಳು ಅಲ್ಲೇ ಮರಿ ಬಿಡುತ್ತದೆ. ಅದೇ ನೀರನ್ನು ಊರು ಕುಡಿಯುತ್ತದೆ. ಇದಕ್ಕೆ ಔಷಧಿಯಿಲ್ಲ, ಲಸಿಕೆಯಿಲ್ಲ. ಬಂದ ಹುಳುವನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಒಂದೆರಡು ಅಂಗುಲದಂತೆ ವಾರಗಟ್ಟಲೆ ಎಳೆಯಬೇಕು. ತುಂಡಾದರೆ ಕೀವು. ತಡೆಯಲು ಇರುವ ದಾರಿ, ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವುದು, ಹುಣ್ಣಿನ ಕಾಲನ್ನು ಬಾವಿಗೆ ಇಳಿಸದಿರುವುದು. ಭಾರತದಲ್ಲಿ ಕೊನೆಯ ಪ್ರಕರಣ ಕಂಡದ್ದು 1996ರಲ್ಲಿ, ರಾಜಸ್ಥಾನದಲ್ಲಿ. ಇಂದಿನ ಕಲಬುರಗಿಯ, ರಾಯಚೂರಿನ ಹುಡುಗರಿಗೆ ಆ ಹೆಸರೇ ಗೊತ್ತಿಲ್ಲ. ಅಳಿದದ್ದು ಮರೆತೂ ಹೋಗಿದೆ.

1988ರಲ್ಲಿ ಕಾರ್ಟರ್ ಘಾನಾದ ಹಳ್ಳಿಯೊಂದಕ್ಕೆ ಹೋದರು. ಗುಂಪಿನ ಅಂಚಿನಲ್ಲಿ ಒಬ್ಬ ಹುಡುಗಿ ಎದೆಗೆ ಕೂಸನ್ನು ಒತ್ತಿಕೊಂಡು ನಿಂತದ್ದು ಕಂಡು, ಮಗುವಿನ ಹೆಸರೇನೆಂದು ಕೇಳಲು ಹತ್ತಿರ ಹೋದರು. ಕೂಸು ಇರಲಿಲ್ಲ. ಅವಳು ಹಿಡಿದಿದ್ದುದು ಬಾತ ತನ್ನ ಮೊಲೆಯನ್ನು. ಅದರ ತೊಟ್ಟಿನಿಂದ ಹುಳು ಹೊರಬರುತ್ತಿತ್ತು. ಈ ಪ್ರಸಂಗವನ್ನು ಅವರು ಬದುಕಿನುದ್ದಕ್ಕೂ ಹೇಳಿಕೊಂಡು ಬಂದರು. ಅಣೆಕಟ್ಟಿನ ಸ್ನೇಹದ ನೀರು ಅದೇ ನಾಡಿನ ಮಕ್ಕಳಿಗೆ ಒಂದು ರೋಗ ಅಂಟಿಸಿತ್ತು. ಈ ಸ್ನೇಹ ಒಂದನ್ನು ಬಿಡಿಸಲು ಹೊರಟಿತ್ತು. ಘಾನಾದಲ್ಲಿ 1989ರಲ್ಲಿ ಸುಮಾರು 1,80,000 ಪ್ರಕರಣ. 2010ರ ಮೇ ತಿಂಗಳ ನಂತರ ಒಂದೂ ಇಲ್ಲ.

ಕಾರ್ಟರ್ ಜೊತೆಗೂಡಿದವರನ್ನು ನೋಡಿ. ನೈಜೀರಿಯಾದಲ್ಲಿ ಹಳ್ಳಿ ಹಳ್ಳಿ ತಿರುಗಿದವರು ಯಾಕುಬು ಗೊವನ್, 1975ರ ದಂಗೆಯಲ್ಲಿ ಕುರ್ಚಿ ಕಳೆದುಕೊಂಡ ಜನರಲ್. ಮಾಲಿ ದೇಶದಲ್ಲಿ ಈ ಕೆಲಸ ಹೊತ್ತವರು ಅಮಾಡೂ ತೂಮಾನಿ ತೂರೆ, 1992ರಲ್ಲಿ ತಾವಾಗಿಯೇ ಅಧಿಕಾರ ಬಿಟ್ಟುಕೊಟ್ಟವರು. ಮೂವರು ಮಾಜಿಗಳು. ಕೊಡಲು ಸಾಲವಿಲ್ಲ, ವಿಮಾನ ನಿಲ್ದಾಣದಲ್ಲಿ ಬ್ಯಾಂಡಿಲ್ಲ. ಕೈಯಲ್ಲಿ ಸೋಸುವ ಬಟ್ಟೆ. ಅವರು ಮುಗಿಸಲು ಹೊರಟ ಕೆಲಸ ಪೂರ್ತಿ ಆದರೆ ತೋರಿಸಲು ಏನೂ ಉಳಿಯುವುದಿಲ್ಲ. ಇಲ್ಲದ ಹುಳುವಿನ ಮುಂದೆ ನಿಂತು ಯಾರೂ ಫೋಟೋ ತೆಗೆಸಿಕೊಳ್ಳುವುದಿಲ್ಲ. ಅಧ್ಯಕ್ಷರುಗಳ ಆಫ್ರಿಕಾ ಸ್ನೇಹದ ಕತೆಗಳಲ್ಲಿ ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುವುದು ಇದು. ಕೆನಡಿಯ ಮೋಹಕತೆಯನ್ನು ಮೆಚ್ಚುತ್ತಲೇ ಈ ಮಾತು ಹೇಳುತ್ತಿದ್ದೇನೆ.

2015ರಲ್ಲಿ ತಮಗೆ ಕ್ಯಾನ್ಸರ್ ಆಗಿದೆ ಎಂದು ಪತ್ರಕರ್ತರ ಮುಂದೆ ಹೇಳಿದ ದಿನ ಕಾರ್ಟರ್, ಕೊನೆಯ ಗಿನಿ ಹುಳು ತನಗಿಂತ ಮೊದಲು ಸಾಯಬೇಕೆಂಬ ಆಸೆ ತೋಡಿಕೊಂಡರು. 1986ರಲ್ಲಿ ಜಗತ್ತಿನಲ್ಲಿ ಅಂದಾಜು 35 ಲಕ್ಷ ಪ್ರಕರಣಗಳಿದ್ದವು. 2024ರಲ್ಲಿ ಇದ್ದದ್ದು 15, ಒಂಬತ್ತು ಚಾಡ್ ದೇಶದಲ್ಲಿ, ಆರು ದಕ್ಷಿಣ ಸುಡಾನಿನಲ್ಲಿ. ಆ ವರ್ಷ ಡಿಸೆಂಬರ್ 29ರಂದು, ನೂರು ವರ್ಷ ತುಂಬಿ ಮೂರು ತಿಂಗಳಾಗುವಾಗ, ಕಾರ್ಟರ್ ತೀರಿಕೊಂಡರು.